ಖ ಇದ್ದ ಜಾಗ

ಕುತಾಯಿಸಿಯ ಬಿಳಿ ಸೇತುವೆ ಇಳಿದು
ಎರಡು ತಿರುವು ಕಳೆದರೆ ನಮ್ಮ ಕಾರ್ಖಾನೆ.
ಗೋರಿಕಲ್ಲಿಗೆ ಹೆಸರು ಹೊಂದಿಸಿ ಕೊಡುವವಳು ನಾನು,
ಕೆತ್ತುವವನು ಮಾಲ್ಖಾಜ್.
ಇಪ್ಪತ್ತಾರು ವರ್ಷ ಒಂದೇ ಕಂಪ್ಯೂಟರಿನಲ್ಲಿ ತಳ್ಳಿದೆವು.
ಅದರ ಫ್ಯಾನಿಗೆ ಈಗ ದಮ್ಮು.

ಸೋಮವಾರ ಹೊಸತು ಬಂತು,
ಲಟ್ಟಿಸಿದ ರೊಟ್ಟಿಯಷ್ಟು ತೆಳು, ಉಸಿರಿನ ಸದ್ದೂ ಇಲ್ಲ.
ಜತೆಗೆ ಬೆಸಿಕ್, ಹತ್ತೊಂಬತ್ತರ ಹುಡುಗ.
ಹಳೆಯದರ ಹೊಟ್ಟೆ ಬಿಚ್ಚಿ, ಡಿಸ್ಕ್ ಹೊರತೆಗೆದು,
ಹೊಸದಕ್ಕೆ ತಂತಿ ಸಿಕ್ಕಿಸಿ, ಕೈಕಟ್ಟಿ ಕೂತ.

ಇನ್ನು ನಾಲ್ಕೇ ನಿಮಿಷ, ಎಂದಿತು ಪರದೆ.
ಆಮೇಲೆ, ಎರಡು ಗಂಟೆ.
ಆಮೇಲೆ ಮತ್ತೆ ನಾಲ್ಕು ನಿಮಿಷ.
ಆಸ್ಪತ್ರೆಯಲ್ಲಿ ಡಾಕ್ಟರುಗಳೂ ಹೀಗೇ.
ಚಹಾ ಕಾಸಿದೆ. ಆರಿತು. ಮತ್ತೆ ಕಾಸಿದೆ.

ಒಂಬತ್ತು ಸಾವಿರದ ಮುನ್ನೂರ ನಲವತ್ತು ಫೈಲು,
ಒಂದೂ ಕಳೆದಿಲ್ಲ, ಎಣಿಸಿ ಕೊಟ್ಟಿತು ಯಂತ್ರ.
ಬೆಸಿಕ್ ಒಂದನ್ನು ತೆರೆದ.
ನಮ್ಮ ದುಂಡಕ್ಷರ ಒಂದೂ ಇಲ್ಲ.
ಬರೀ ಇಂಗ್ಲಿಷಿನ ಎಲುಬುಗಳು, ದೊಡ್ಡದು ಚಿಕ್ಕದು ಬೆರಕೆ.
ಖ ಇದ್ದಲ್ಲೆಲ್ಲ ಒಂದೊಂದು ಎಕ್ಸ್,
ಮೇಷ್ಟರು ತಪ್ಪು ಹಾಕಿದ ಹಾಗೆ.
ಸತ್ತವರೆಲ್ಲ ಪರೀಕ್ಷೆಯಲ್ಲಿ ಫೇಲು.

ಹಳೆ ಕಾಲದ ಫಾಂಟು ಅಜ್ಜಿ, ಎಂದ.
ಇಂಗ್ಲಿಷ್ ಅಕ್ಷರಕ್ಕೆ ನಮ್ಮ ಅಂಗಿ ತೊಡಿಸಿರುತ್ತಿದ್ದರು.
ಹೊಸ ಲೇಸರಿಗೆ ಇದು ಓದಲು ಬಾರದು.
ಬದಲಿಸುವ ತಂತ್ರಾಂಶ ಎಲ್ಲೋ ಇದೆ,
ಹುಡುಕಿಕೊಂಡು ನಾಳೆ ಬರುತ್ತೇನೆ.

ಯಾಕಪ್ಪ, ನಾನಿಲ್ಲವೇ?

ಕೂತೆ. ಕಣ್ಣಿಗಿಂತ ಮೊದಲು ಬೆರಳು ಓದಿದವು.
ಈ ಕ್ಯೂ ಯಾರೆಂದು ನನ್ನ ಎಡಗೈ ಕಿರುಬೆರಳಿಗೆ ಗೊತ್ತು.
ದೊಡ್ಡ ಟಿ ಬಂದರೆ ಶಿಫ್ಟ್ ಒತ್ತಿದ ನೋವು ನೆನಪಾಗುತ್ತದೆ.
ಮಗ್ಗಿ ಒಪ್ಪಿಸಿದಂತೆ ಹೇಳುತ್ತ ಹೋದೆ,
ಅವನು ಹೊಸ ಅಕ್ಷರದಲ್ಲಿ ಬಡಿಯುತ್ತ ಬಂದ.
ಎರಡು ಸಲ ಮಾತ್ರ, ಇನ್ನೊಮ್ಮೆ ಹೇಳಿ, ಎಂದ.

ಓತಾರನ ಫೈಲು ಬಂತು. ನನ್ನ ಗಂಡ.
ಅವನ ಕೆಳಗೇ ನಾನು: ಎತೇರಿ, ಹುಟ್ಟಿದ ವರ್ಷ,
ಒಂದು ಅಡ್ಡಗೆರೆ, ಗೆರೆಯಾಚೆ ಬಯಲು.
ಒಟ್ಟಿಗೇ ಕೆತ್ತಿಸಿದರೆ ಕೂಲಿ ಕಡಿಮೆ ಎಂದು ಮಾಡಿಸಿದ್ದು.
ಹುಡುಗ ಪರದೆ ನೋಡಿದ, ನನ್ನ ಮುಖ ನೋಡಿದ.
ಮುಂದೆ, ಎಂದೆ.

ಸಂಜೆಗೆ ತ್ಸಿಯಾಲಾ ಬಂದಳು.
ಅವಳದನ್ನು ಟೈಪಿಸಿದ್ದು ದಿನಕ್ಕೆ ಮೂರೇ ಗಂಟೆ
ಕರೆಂಟು ಕೊಡುತ್ತಿದ್ದ ಚಳಿಗಾಲದಲ್ಲಿ.
ಉಳಿಸುವ ಮೊದಲೇ ದೀಪ ಹೋಗಿತ್ತು.
ಮರುದಿನದ ಸರದಿ ಬರುವ ಹೊತ್ತಿಗೆ
ಸೀಮೆಎಣ್ಣೆ ಬುಡ್ಡಿಯಡಿ ಚೀಟಿ ನೋಡಿ ಬೇರೆ ಕಾಗದಕ್ಕೆ ಬರೆದಿಟ್ಟುಕೊಂಡೆ.
ಚೀಟಿ ಬರೆದವರು ಒಂದಕ್ಕೆ ಉದ್ದ ಮೂಗು ಎಳೆದಿದ್ದರು,
ನಾನು ಅದನ್ನು ಏಳು ಎಂದುಕೊಂಡೆ.
ಮೂವತ್ತೊಂದರವಳು ಮೂವತ್ತೇಳರವಳಾದಳು.
ಮಾಲ್ಖಾಜ್ ಕೆತ್ತಿಯೂ ಆಯಿತು. ಕಲ್ಲಿಗೆ ರಬ್ಬರಿಲ್ಲ.

ಕಲ್ಲು ನಿಲ್ಲಿಸಿದ ದಿನ ಅವಳ ತಂಗಿ
ಕನ್ನಡಕ ತೆಗೆದು, ಹಾಕಿ, ಬೆರಳಲ್ಲಿ ಎಣಿಸಿ,
ಗೋರಿಯ ಮುಂದೆ ಹೊಟ್ಟೆ ಹಿಡಿದು ನಕ್ಕಳು.
ಬದುಕಿಡೀ ಆರು ವರ್ಷ ಬಚ್ಚಿಟ್ಟಳು ನಮ್ಮಕ್ಕ,
ಕೊನೆಗೂ ಒಬ್ಬರು ನಂಬಿದರಲ್ಲ!

ಬೆಸಿಕ್ ಕೇಳಿದ: ಈಗ ಸರಿ ಮಾಡಿಬಿಡಲೇ?
ಒಂದು ಕೀಲಿ, ಅಷ್ಟೇ.

ಬೇಡ. ಕಲ್ಲಲ್ಲಿ ಹೇಗಿದೆಯೋ ಹಾಗೆ.
ಏಳನ್ನು ಏಳೆಂದೇ ಬರಿ.

ಇನ್ನೂ ಒಂಬತ್ತು ಸಾವಿರ ಚಿಲ್ಲರೆ ಬಾಕಿ.
ನಾಳೆ ನಿನ್ನ ತಂತ್ರಾಂಶವನ್ನೂ ಕರಕೊಂಡು ಬಾ,
ಯಾರು ಬೇಗ ಓದುತ್ತಾರೋ ನೋಡೋಣ, ಎಂದೆ.
ನಗುತ್ತ ಹೋದ.

ಹಳೆಯ ಕೀಲಿಮಣೆಯನ್ನು ಗುಜರಿಗೆ ಹಾಕುವ ಮೊದಲು
ಮಗುಚಿ, ಮೇಜಿಗೆ ತಟ್ಟಿದೆ.
ಬ್ರೆಡ್ಡಿನ ಚೂರು, ಒಂದು ಬಿಳಿ ಕೂದಲು,
ಆಮೇಲೆ ನಿಲ್ಲದೆ ಉದುರಿತು ಕಪ್ಪು ಕಲ್ಲಿನ ಪುಡಿ,
ಯಾರ ಯಾರ ಅಕ್ಷರದ ಕುಳಿಯಿಂದ ಎದ್ದದ್ದೋ.