ಎರಡು ರುಜು

ಒಮಾಹಾದ ಈ ಕೋಣೆಗೆ ಕಿಟಕಿಯಿಲ್ಲ.
ನಾನು ಡಿಸ್ಪ್ಯಾಚರ್; ನೆಲದ ಮೇಲೆ ಕೂತು ಹಾರುವವಳು.
ಹವಾಮಾನವೇ ಹೊಟ್ಟೆಪಾಡು, ಆದರೂ
ಹತ್ತೊಂಬತ್ತು ವರ್ಷಗಳಲ್ಲಿ ನನ್ನ ಪಾಳಿಯ
ಒಂದು ಬಿರುಗಾಳಿಗೂ ನೆನೆದವಳಲ್ಲ.
ಇಲ್ಲಿ ಮಳೆಯೆಂದರೆ ಹಸಿರು, ಜೋರು ಮಳೆ ಹಳದಿ,
ಆಲಿಕಲ್ಲಿಗೆ ಕೊಯ್ದಿಟ್ಟ ಬೀಟ್‌ರೂಟಿನ ಬಣ್ಣ.
ಪಕ್ಕದ ಮೇಜಿನ ಡ್ವೇನ್
ಶಿಕಾಗೋ ಕಡೆಯ ಮೂರು ವಿಮಾನಗಳನ್ನು ಕಾಯುತ್ತ
ತಣ್ಣಗಾದ ನೂಡಲ್ಸನ್ನು ಫೋರ್ಕಿಗೆ ಸುತ್ತುತ್ತಾನೆ, ತಿನ್ನುವುದಿಲ್ಲ.

ಸಂಜೆ ಡೆನ್ವರಿನಿಂದ ಹೊರಟ ೨೨೧೮ ನನ್ನದು.
ನನ್ನದು, ಮತ್ತೆ ಕ್ಯಾಪ್ಟನ್ ಲೈಲ್ ಹೌಗನ್‌ನದು.
ಕಾನೂನು ಇರುವುದೇ ಹಾಗೆ: ಒಂದು ಹಾಳೆ, ಎರಡು ರುಜು,
ಕೆಟ್ಟರೆ ಇಬ್ಬರೂ ಕಟಕಟೆಗೆ.
ಅವನ ಮುಖ ನೋಡಿಲ್ಲ. ಯಂತ್ರ ತಂದು ಹಾಕುವ
ಗಿಡ್ಡ ಸಾಲುಗಳಲ್ಲೇ ಪರಿಚಯ:
ನಮಸ್ಕಾರ ಇಲ್ಲ, ದಯವಿಟ್ಟು ಇಲ್ಲ,
ಕೊನೆಗೊಂದು ಪೂರ್ಣವಿರಾಮ, ಗೂಟ ಹೊಡೆದ ಹಾಗೆ.

ಹೊರಡುವ ಮುಂಚೆ ಬರೆದಿದ್ದ:
“ಇಷ್ಟೊಂದು ಇಂಧನ ಯಾಕೆ. ಆಕಾಶ ತಿಳಿಯಾಗಿದೆ.”
ಎರಡು ಸಾವಿರ ಪೌಂಡು ಹೆಚ್ಚಿಗೆ ಹಾಕಿಸಿದ್ದೆ.
ಅಲ್ಲಿ ತಿಳಿ, ಎಂದೆ. ಇಲ್ಲಿ ನನ್ನ ಪರದೆಯಲ್ಲಿ
ಮಿನೆಸೋಟಾದ ನೆತ್ತಿಗೆ ಏನೋ ಹೆಪ್ಪುಗಟ್ಟುತ್ತಿದೆ.
ಗೊಣಗಿ ಒಪ್ಪಿದ.

ಒಂಬತ್ತು ನಲವತ್ತಕ್ಕೆ ಸಾಲುಗಟ್ಟಿ ನಿಂತವು ಮೋಡಗಳು,
ಫಾರ್ಗೋದಿಂದ ಮೇಸನ್ ಸಿಟಿಯವರೆಗೆ ಒಂದೇ ಗೋಡೆ.
ನಡುವೆ ಒಂದು ಸಂದು.
ಹದಿನೈದು ಮೈಲಿ ಅಗಲ. ಆಚೆಗೆ ಮಿನಿಯಾಪೊಲಿಸ್.
“ಸಂದು ಕಾಣುತ್ತಿದೆ. ನುಗ್ಗುತ್ತೇನೆ.”

ವಿಮಾನದ ಮೂಗಿನೊಳಗಿನ ರಾಡಾರ್ ಸುಳ್ಳು ಹೇಳುವುದಿಲ್ಲ,
ಪೂರ್ತಿ ಹೇಳುವುದೂ ಇಲ್ಲ.
ಎದುರಿನ ಮಳೆಯನ್ನು ತೋರಿಸುವಷ್ಟರಲ್ಲೇ ಅದರ ಕಸುವು ಮುಗಿಯುತ್ತದೆ;
ಮಳೆಯ ಬೆನ್ನಿಗೆ ಅವಿತ ಮಳೆ ಅದಕ್ಕೆ ಬರೀ ಕತ್ತಲು,
ಕತ್ತಲನ್ನು ಅದು ತಿಳಿ ಆಕಾಶವೆಂದೇ ಬರೆಯುತ್ತದೆ.
ನನಗೆ ಕಾಣುತ್ತಿತ್ತು, ಇನ್ನೂರು ಮೈಲಿ ದೂರದಲ್ಲಿ,
ಕಾಫಿ ಕಲೆಯ ಮೇಜಿಗೆ ಮೊಣಕೈ ಊರಿದವಳಿಗೆ:
ಸಂದಿನ ಆಚೆ ಒಂದು ಹೊಸ ಮೊಳಕೆ
ನಿಮಿಷಕ್ಕೆ ಮೂರು ಸಾವಿರ ಅಡಿ ಮೇಲೇಳುತ್ತ.

ಹೇಗೆ ಹೇಳುವುದು?
ಬೇಡ ಎಂದರೆ ಅಪ್ಪಣೆ; ಬೇಡವೇನೋ ಎಂದರೆ ಅನುಮಾನ.
ಹೆದರಿಕೆಯನ್ನು ಬೆರಳಿಗೆ ಇಳಿಯಗೊಡಬಾರದು,
ಅವನ ಬೆನ್ನ ಹಿಂದೆ ನೂರ ಮೂವತ್ತೆಂಟು ಜನ
ಬೆಲ್ಟು ಬಿಗಿದು ಕೂತಿದ್ದಾರೆ.
ಮೂರು ಸಲ ಬರೆದು ಮೂರು ಸಲ ಅಳಿಸಿ
ಉಳಿದದ್ದು ಹನ್ನೊಂದು ಪದ:
“ಸಂದಿನ ಹಿಂದೆ ಇನ್ನೊಂದು ಬೆಳೆಯುತ್ತಿದೆ. ನಿಮಗೆ ಕಾಣದು.
ಸೂ ಫಾಲ್ಸ್ ತೆರೆದಿದೆ. ಇಂಧನ ಸಾಕು.”

ಕಳಿಸಿದೆ.
ಏನೂ ಇಲ್ಲ.
ಡ್ವೇನ್ ಫೋರ್ಕು ಕೆಳಗಿಟ್ಟ.
ಪರದೆಯ ಮೇಲೆ ೨೨೧೮ರ ಪುಟ್ಟ ಬಾಣ
ಆರು ನಿಮಿಷ ಈಶಾನ್ಯಕ್ಕೇ ಮುಖ ಮಾಡಿತ್ತು.
ಆರು ನಿಮಿಷದಲ್ಲಿ ಒಂದು ಮೊಟ್ಟೆ ಬೇಯುತ್ತದೆ,
ನಲವತ್ತೈದು ಮೈಲಿ ಸವೆಯುತ್ತದೆ.
ಗಂಟಲ ಪಸೆ ಆರಿತು.

ಮೊದಲು ಬಾಣ ಬಾಗಿತು, ಮಾತು ಆಮೇಲೆ ಬಂತು:
“ತಿರುಗಿದ್ದೇನೆ. ಸೂ ಫಾಲ್ಸ್.”

ಇಳಿದ ಮೇಲೆ ಬರೆದದ್ದು ಎಂದಿಗಿಂತ ಉದ್ದ:
“ಹದಿನಾಲ್ಕನೇ ಸಾಲಿನಲ್ಲಿ ಮದುಮಗಳ ಅಕ್ಕ ಇದ್ದಾಳೆ.
ಬೆಳಿಗ್ಗೆಯ ಮದುವೆ ತಪ್ಪಿತೆಂದು ನನ್ನ ವಂಶವನ್ನೆಲ್ಲ ಬಯ್ದಳು.
ಹೋಟೆಲು ನೋಡಿ ರೆನಾಟಾ”
ಗೂಟ ಹೊಡೆಯುವುದನ್ನು ಮರೆತಿದ್ದ.
ಹುಡುಕಿದೆ. ಅರವತ್ತು ಕೋಣೆ ಸಿಕ್ಕವು,
ಮಿಕ್ಕವರಿಗೆ ನಿಲ್ದಾಣದ ನೆಲ.

ಪಾಳಿ ಮುಗಿಯುವ ಮುನ್ನ
ರಾಡಾರಿನ ಚಿತ್ರಗಳನ್ನು ಹಿಂದಕ್ಕೆ ಓಡಿಸಿ ನೋಡಿದೆ.
ಸಂದು ಮುಚ್ಚಿದ್ದು ನಿಜ;
ಅವನು ತಿರುಗಿ ಒಂಬತ್ತು ನಿಮಿಷವಾದ ಮೇಲೆ.
ಬಹುಶಃ ದಾಟುತ್ತಿದ್ದ. ಬಹುಶಃ ಅರ್ಧ ದಾಟುತ್ತಿದ್ದ.
ನಾನು ಹೇಳಲಿಲ್ಲ. ಅವನೂ ಕೇಳಲಿಲ್ಲ.

ಹೊರಗೆ, ಬೆಳಗಿನ ಪಾರ್ಕಿಂಗಿನಲ್ಲಿ, ಒಂದು ಹನಿ ಬಿದ್ದ ಗುರುತಿಲ್ಲ.
ನನ್ನ ಕಾರಿನ ಗಾಜಿನ ಧೂಳಿನಲ್ಲಿ ಯಾರೋ ಬೆರಳಾಡಿಸಿ
‘ತೊಳೆಯಬಾರದೇ’ ಎಂದು ಗೀಚಿದ್ದರು.
ಅದರ ಕೆಳಗೆ ನನ್ನ ರುಜು ಹಾಕಿದೆ,
ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಬಿಟ್ಟು.