ಮೀನು ಸುತ್ತಲು ತೆಗೆದ ಹಾಳೆ

ತಕ್ಕಡಿಗೆ ಮುದ್ರೆ ಒತ್ತುವುದು ನನ್ನ ಕೆಲಸ.
ವರ್ಷಕ್ಕೊಮ್ಮೆ ರಿಪ್ಪನ್‌ಪೇಟೆಗೆ ಬಂದು
ಬೆಲ್ಲದಂಗಡಿ, ಗುಜರಿ, ಕೋಳಿಯಂಗಡಿ ಮುಗಿಸಿ
ಕೊನೆಗೆ ಗುಲಾಬಿ ಖಾರ್ವಿಯ ಹಲಗೆ ಮುಂದೆ ಕೂರುತ್ತೇನೆ.
ಅವಳ ತಕ್ಕಡಿಯಲ್ಲಿ ಯಾವಾಗಲೂ
ಹದಿನೈದು ಗ್ರಾಂ ಗಿರಾಕಿಗೇ ಲಾಭ.
ಮೀನಿನ ತಟ್ಟೆಯನ್ನು ಉಪ್ಪು ತಿಂದಿದೆ, ಅನ್ನುತ್ತೇನೆ.
ನಗುತ್ತಾಳೆ.

ನಸುಕಿಗೆ ಗಂಗೊಳ್ಳಿ ಬಿಟ್ಟ ವ್ಯಾನು
ಬಾಳೆಬರೆ ಘಾಟಿ ಹತ್ತುವಷ್ಟರಲ್ಲಿ
ಅರ್ಧ ಮಂಜುಗಡ್ಡೆ ರಸ್ತೆಯ ಪಾಲು.
ಉಳಿದರ್ಧದ ಮೇಲೆ ಬಂಗುಡೆ, ಶೆಟ್ಲಿ, ನೊಗಲಿ,
ಒಂದು ಬುಟ್ಟಿ ಏಡಿ, ಇನ್ನೂ ಜೀವ ಇರುವವು.

ಈ ಸಲ ಬಂಗುಡೆ ಸುತ್ತಲು ತೆಗೆದ ಹಾಳೆಯಲ್ಲಿ
ಒಬ್ಬ ಹೆಂಗಸು.
ಯಾವುದೋ ಶಾಲೆ ತೂಕಕ್ಕೆ ಹಾಕಿದ ಪುಸ್ತಕದ ಪುಟ.
ಬಣ್ಣದ ಕಲ್ಲಿನ ಚೂರು ಜೋಡಿಸಿ ಮಾಡಿದ ಮುಖ,
ಹೆಗಲಿಗೊರಗಿದ ಹುಟ್ಟು,
ಒದ್ದೆ ಕೂದಲಿಂದ ಮೇಲೆದ್ದ ಏಡಿಯ ಎರಡು ಇಕ್ಕುಳ.

"ಇದ್ಯಾರ್? ನಮ್ ಕೇರಿಯವ್ಳ್ ಕಂಡಂಗಿತ್ತ್."

ಓದಿ ಹೇಳಿದೆ: ಥಲಸ್ಸಾ. ಗ್ರೀಕರ ಕಡಲು.
ಕಡಲಿನ ದೇವತೆ ಅಲ್ಲ, ಕಡಲೇ.
ತ್ರಿಶೂಲ ಹಿಡಿದು ಆಳುವ ಗಂಡಸು ಬರುವ ಮುಂಚಿನವಳು.
ಹೆಸರು ಕೂಡ ಗ್ರೀಕರದ್ದಲ್ಲವಂತೆ;
ಒಣನೆಲದಿಂದ ನಡೆದು ಬಂದವರು
ದಡದಲ್ಲಿ ನಿಂತು, ಬಾಯಲ್ಲಿ ಪದವಿಲ್ಲದೆ,
ಮೊದಲೇ ಅಲ್ಲಿದ್ದವರನ್ನು ಕೇಳಿದರಂತೆ
ಇದಕ್ಕೇನಂತೀರಿ ಎಂದು.

"ನಿಮ್ಮೂರವ್ರೂ ಹಂಗೇ. ಹತ್ತ್ ವರ್ಷ ಆಯ್ತ್,
ಇನ್ನೂ ಇದೆಂತ ಮೀನ್, ಅದೆಂತ ಮೀನ್."

ಮಕ್ಕಳೆಷ್ಟು, ಕೇಳಿದಳು.
ಮೀನುಗಳೆಲ್ಲ ಅವಳವೇ, ಅಂದೆ.
ಕೈಯಲ್ಲಿದ್ದ ಬಂಗುಡೆಯನ್ನು ಒಂದು ಗಳಿಗೆ ನೋಡಿದಳು.
ಆಮೇಲೆ ಎಂದಿನಂತೆ ಕಿವಿರು ಕಿತ್ತಳು.

ಕೆಳಗೆ ಇನ್ನೆರಡು ಸಾಲಿತ್ತು. ಓದಬಾರದಿತ್ತು, ಓದಿದೆ.
ಹಡಗೊಡೆದು ದಡಕ್ಕೆ ಬಿದ್ದವನೊಬ್ಬ
ಕಡಲಿಗೆ ಹಿಡಿಶಾಪ ಹಾಕಿದನಂತೆ,
ಆಗ ಅವಳು ನೀರಿನಿಂದೆದ್ದು ಬಂದು...
ಅಲ್ಲಿಗೆ ಪುಟ ಹರಿದಿತ್ತು.

ಮೂರು ವರ್ಷದ ಹಿಂದೆ ಇವಳ ತಮ್ಮ ಶೀನನ ದೋಣಿ
ಬರೀ ದೋಣಿಯಾಗಿ ಮರಳಿತ್ತು.
ನಾನು ನಾಲಗೆ ಕಚ್ಚಿಕೊಂಡೆ.
ಚೂರಿ ಒರೆಸುತ್ತ
ಹರಿದ ಸಾಲನ್ನು ಅವಳೇ ಮುಗಿಸಿದಳು:
"ಕಡ್ಲ್ ಎಂತ ಮಾಡತ್ತ್ ಪಾಪ.
ಅದ್ ಮನಿಕಂಡೇ ಇತ್ತ್.
ಗಾಳಿ ಬಂದ್ ಎಬ್ಸತ್ತ್."

ಆ ಹಾಳೆಯಲ್ಲಿ ಮೀನು ಸುತ್ತಲಿಲ್ಲ.
ಹಲಗೆಯ ಮೂಲೆಗೆ ಹರಡಿ
ಮೇಲೊಂದು ಅರ್ಧ ಕಿಲೋ ಕಲ್ಲಿಟ್ಟಳು.
ಅಂಚಿನಿಂದ ಒದ್ದೆ ಏರುತ್ತ ಏರುತ್ತ
ಒಂದೊಂದೇ ಚೂರು ಬಣ್ಣ ಗಾಢವಾಯಿತು,
ಹುಟ್ಟು, ಹೆಗಲು, ಗಲ್ಲ.
ಎಷ್ಟೋ ಶತಮಾನ ಒಣಗಿದ್ದ ಮುಖಕ್ಕೆ
ಉಪ್ಪುನೀರು ಮುಟ್ಟಿತು.

ತಟ್ಟೆಯಡಿ ಸೀಸ ಬೆಸೆದೆ, ಹದಿನೈದು ಗ್ರಾಂ. ಮುದ್ರೆ ಒತ್ತಿದೆ.
ಬರುವ ವರ್ಷಕ್ಕೆ ಮತ್ತೆ ತಿಂದಿರುತ್ತಾಳೆ.

ಎದ್ದಾಗ ಹಲಗೆಯಿಂದ ಇಳಿದ ನೀರು
ಟಾರಿನ ಮೇಲೆ ತಡೆದು ನಿಂತಿತ್ತು.
ಈ ಸೀಮೆಯಲ್ಲಿ ಒಂದು ಅಂಗಳದ ನೀರು ಪಡುವಲಿಗೆ,
ಪಕ್ಕದ ಅಂಗಳದ್ದು ಮೂಡಲಿಗೆ ಅನ್ನುತ್ತಾರೆ.
ಇದಕ್ಕಿನ್ನೂ ಗೊತ್ತಾದಂತಿರಲಿಲ್ಲ.