ಒಂದೇ ಟೇಬಲ್

ಕೌಲ್ ಬಜಾರಿನ ನಮ್ಮ ಶಾಲೆಯ ಆರನೇ ಕ್ಲಾಸು
ಈ ಜೂನಿನಿಂದ ಇಂಗ್ಲಿಷು.
‘ಸೆವೆನ್ ಟೇಬಲ್’ ಅಂದೆ.
ಹೊನ್ನೂರಬಿ ಸುತ್ತ ನೋಡಿದಳು:
‘ಇರೋದು ಒಂದೇ ಅದ ಟೀಚರ್, ಅದೂ ಕುಂಟು.’
ಮಗ್ಗಿ ಅಂದಿದ್ದರೆ
ಕಣ್ಣು ಮುಚ್ಚಿ ಎಪ್ಪತ್ತರ ತನಕ ಓಡುತ್ತಿದ್ದಳು.

‘ಎರಡರಾಗ ಏಳು ಹೋಗಂಗಿಲ್ಲ, ಬಾರೋ’ ಅಂದೆ.
ಗಾದಿಲಿಂಗ ಎದ್ದು
ಬೋರ್ಡಿನ ತನಕ ಬಂದೇಬಿಟ್ಟ.
ನಗು ಮುಗಿದ ಮೇಲೆ ಅಂದೆ: ಕಡ.
ಪಕ್ಕದ ಹತ್ತರ ಮನೆಯಿಂದ ಕಡ.
ಅದನ್ನು ಕಲಿಸಬೇಕಿರಲಿಲ್ಲ.
ಸಕ್ಕರಿ, ಸೂಜಿ, ಸೈಕಲ್ ಪಂಪು,
ಕಡ ತರಲು ಹೋಗದ ಮಗು
ಈ ಓಣಿಯಲ್ಲಿಲ್ಲ.

ರೈಟ್ ಆಂಗಲ್ ದಿನ
‘ರಾಂಗ್ ಆಂಗಲ್ಲೂ ಇರ್ತದೇನ್ರಿ?’ ಹಿಂದಿನಿಂದ ಯಾರೋ.
ಇಲ್ಲ ಅನ್ನುವಷ್ಟರಲ್ಲಿ ಹೊನ್ನೂರಬಿ:
‘ಇರ್ತದ.
ಅಮ್ಮಿ ಹೊಲಿದ ಜೀನ್ಸಿನ ಜೇಬು
ಮೂಲ್ಯಾಗ ಒಂದೆಳಿ ಸೊಟ್ಟಾದ್ರ
ಡಜನ್ನಿಗೆ ಡಜನ್ ವಾಪಸ್.
ರಾತ್ರಿ ಬಿಚ್ಚೋದು ನಾನು.’

ಅವಳ ಉಗುರುಸಂದಿ ನೀಲಿ.

ಕೋನಮಾಪಕ ಕೈಗೆ ಕೊಟ್ಟೆ.
ಬೋರ್ಡಿನ ತ್ರಿಕೋನ ಬಿಟ್ಟು
ನೆಟ್ಟಗೆ ಹೋಗಿ
ಕುಂಟು ಟೇಬಲಿನ ಕಾಲಿಗೆ ಹಿಡಿದಳು,
ಒಂದು ಕಣ್ಣು ಮುಚ್ಚಿ,
ದಾರ ಪೋಣಿಸುವವರ ಹಾಗೆ.
‘ಏಯ್ಟಿ ಸಿಕ್ಸ್ ಟೀಚರ್.
ರಾಂಗ್.’